ಸಾಸಿವೆಗೆ ಟೈಮರ್ ಇಡುತ್ತೀರಾ?

ಎಲ್ಲರಿಗೂ ನಮಸ್ಕಾರ. ಇವತ್ತು ಹಿತ್ತಾಳೆ ಫಿಲ್ಟರ್ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಹೋದ ವಿಡಿಯೊ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ. "ಸರ್, ಇನ್ನೂ ಬಾಣಲೆಯಲ್ಲಿ ಕಾಫಿ ಬೀಜ ಹುರಿಯುತ್ತೀರಲ್ಲ, ಯಾವ ಕಾಲದಲ್ಲಿದ್ದೀರಿ? ಒಂದು ಒಳ್ಳೆ ರೋಸ್ಟಿಂಗ್ ಮಷಿನ್ ತಗೊಳ್ಳಿ. ಬಟನ್ ಒತ್ತಿ, ಮರೆತುಬಿಡಿ."

ಮರೆತುಬಿಡಿ ಅಂತೆ! ಎರಡು ದಿನದಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ನೋಡಿ, ಒಲೆ ಮೇಲೆ ಬಾಣಲೆ ಇಟ್ಟುಕೊಂಡೇ ಮಾತಾಡುತ್ತಿದ್ದೇನೆ. ಕಬ್ಬಿಣದ ಬಾಣಲೆ, ಕಾಲು ಕೆಜಿ ಹಸಿ ಬೀಜ, ಕೈಯಲ್ಲಿ ಸಟ್ಟುಗ. ಈಗಷ್ಟೇ ಹಾಕಿದ್ದು. ಹಸಿ ಹುಲ್ಲಿನ ವಾಸನೆ ಬರುತ್ತಿದೆ.

ನಾನು ಮಷಿನ್ ನೋಡದೆ ಮಾತಾಡುತ್ತಿಲ್ಲ. ಕೊಂಡು, ಒಂದು ವರ್ಷ ಬಳಸಿದೆ. ಯಾವ ಕಂಪನಿ ಅಂತ ಕೇಳಬೇಡಿ, ಹೇಳುವುದಿಲ್ಲ. ಬಿಸಿಗಾಳಿ ಊದಿ ಹುರಿಯುವ ಮಷಿನ್. ಅದರ ಫ್ಯಾನ್ ಶುರುವಾದರೆ ಪಕ್ಕದಲ್ಲಿ ಮಿಕ್ಸಿ ಓಡಿದ ಹಾಗೆ. ಬೇರೆ ಏನೂ ಕೇಳಿಸುವುದಿಲ್ಲ. ನನ್ನ ಜಗಳ ಇರುವುದೇ ಅಲ್ಲಿ.

ಕಾಫಿ ಬೀಜ 200 ಡಿಗ್ರಿ ಆಸುಪಾಸಿಗೆ ಬಂದಾಗ ಸಿಡಿಯುತ್ತದೆ. ಒಳಗಿನ ತೇವ ಆವಿಯಾಗಿ, ಒತ್ತಡ ತಾಳಲಾರದೆ ಬೀಜ ಉಬ್ಬಿ 'ಚಟ್' ಅನ್ನುತ್ತದೆ. ಜೋಳದ ಅರಳು ಸಿಡಿದ ಹಾಗೆ. ಇದು ಫಸ್ಟ್ ಕ್ರ್ಯಾಕ್. ಹುರಿಯುತ್ತಲೇ ಹೋದರೆ 225 ಡಿಗ್ರಿ ಹತ್ತಿರ ಮತ್ತೊಮ್ಮೆ ಸಿಡಿಯುತ್ತದೆ. ಆ ಸದ್ದು ಸಣ್ಣದು, ಚಿಟಿಚಿಟಿ ಅಂತ ಬರುತ್ತದೆ. ಎರಡು ಸದ್ದಿನ ನಡುವೆ ಸಿಗುವುದು ಕೆಲವೇ ನಿಮಿಷ. ನಮ್ಮ ಫಿಲ್ಟರ್ ಕಾಫಿಯ ರುಚಿ ಇರುವುದು ಆ ನಿಮಿಷಗಳಲ್ಲಿ. ಬೇಗ ಇಳಿಸಿದರೆ ಹುಳಿ, ತಡವಾದರೆ ಕಹಿ. ಆ ಸದ್ದನ್ನೇ ಕೇಳಿಸದಂತೆ ಮಾಡುವ ಮಷಿನ್ ಯಾಕೆ ಬೇಕು?

ಒಗ್ಗರಣೆಗೆ ಸಾಸಿವೆ ಹಾಕಿ ಟೈಮರ್ ಇಡುತ್ತೀರಾ? ಇಲ್ಲ, ಅಲ್ವಾ? ಹಾಲ್‌ನಲ್ಲಿ ಕೂತಿದ್ದರೂ ಸಾಸಿವೆ ಸಿಡಿದಿದ್ದು ಗೊತ್ತಾಗುತ್ತದೆ. ಓಡಿ ಬಂದು ಕರಿಬೇವು ಹಾಕುತ್ತೀರಿ. ಆ ಕಿವಿ ನಮ್ಮ ಮನೆ ಮನೆಯಲ್ಲೂ ಇದೆ. ಕಾಫಿಗೂ ಅದೇ ಕಿವಿ ಸಾಕು.

ಹಾಂ, ಬೀಜ ಹಳದಿಗೆ ತಿರುಗಿತು. ಹುಲ್ಲಿನ ವಾಸನೆ ಹೋಗಿ ಬ್ರೆಡ್ ಕಾಯಿಸಿದ ವಾಸನೆ ಬರುತ್ತಿದೆ. ಮಷಿನ್ ಒಳಗೆ ಇದು ಯಾವಾಗ ಆಗುತ್ತಿತ್ತೋ ಒಂದು ದಿನವೂ ಗೊತ್ತಾಗಲಿಲ್ಲ.

"ಮಷಿನ್‌ನಲ್ಲಿ ಪ್ರೋಗ್ರಾಮ್ ಇರುತ್ತದೆ ಸರ್, ಅದೇ ನೋಡಿಕೊಳ್ಳುತ್ತದೆ" ಅನ್ನುತ್ತಾರೆ. ಏನು ನೋಡಿಕೊಳ್ಳುತ್ತದೆ? ನಮ್ಮೂರಿನ ಕರೆಂಟ್ ಅದಕ್ಕೆ ಗೊತ್ತಾ? 230 ವೋಲ್ಟ್ ಬರಬೇಕಾದ ಕಡೆ ಸಂಜೆ 200 ಬರುತ್ತದೆ ಅನ್ನಿ. ಹೀಟರ್ ಶಾಖ ಹೆಚ್ಚುಕಡಿಮೆ ಕಾಲು ಭಾಗ ಬಿದ್ದುಹೋಗುತ್ತದೆ. ವೋಲ್ಟೇಜ್ ಇಳಿದದ್ದಕ್ಕಿಂತ ಶಾಖ ಜಾಸ್ತಿ ಇಳಿಯುತ್ತದೆ, ಲೆಕ್ಕವೇ ಹಾಗೆ. ಬೆಳಿಗ್ಗೆ ಹತ್ತು ನಿಮಿಷಕ್ಕೆ ಆದ ಬೀಜ ಸಂಜೆ ಹತ್ತು ನಿಮಿಷಕ್ಕೆ ಅರೆಬೆಂದಿರುತ್ತದೆ. ಟೈಮರ್ ಮಾತ್ರ ಠಣ್ ಅಂತ ಹೊಡೆದು, ಆಯಿತು ಅನ್ನುತ್ತದೆ. ಆಗಿರುವುದಿಲ್ಲ! ಒಂದು ಸಲ ಹುರಿಯುವ ಮಧ್ಯೆಯೇ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಬೀಜ ಕಾದ ಗಾಜಿನೊಳಗೆ ಕೂತು ಹೊಗೆಯಾಡಿತು. ಸ್ಕ್ರೂ ಬಿಚ್ಚಿ ತೆಗೆಯುವಷ್ಟರಲ್ಲಿ ಪೂರ್ತಿ ಕಪ್ಪು. ನಮ್ಮ ತೋಟದ ಪಕ್ಕದವರು ಕೊಟ್ಟ ಎಸ್. 795 ಅರೇಬಿಕಾ ಅದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ತಳಿ. ಅಂಥ ಬೀಜ ಇದ್ದಿಲಾದರೆ ಹೊಟ್ಟೆ ಉರಿಯುವುದಿಲ್ಲವಾ?

ಇನ್ನೊಬ್ಬರು, "ಬಾಣಲೆಯಲ್ಲಿ ಸಮನಾಗಿ ಹುರಿಯುವುದಿಲ್ಲ" ಅಂದಿದ್ದಾರೆ. ಕೈ ನಿಲ್ಲಿಸಿದರೆ ಹುರಿಯುವುದಿಲ್ಲ, ನಿಜ. ನಿಲ್ಲಿಸಬೇಡಿ! ಕೈ ನೋವು ಬಂದರೆ ತಿರುಗಿಸುವ ಹಿಡಿ ಇರುವ ಡ್ರಮ್ ತಗೊಳ್ಳಿ. ಮಲೆನಾಡಿನ ಹಳೇ ಮನೆಗಳ ಅಟ್ಟದಲ್ಲಿ ಹುಡುಕಿದರೆ ಇನ್ನೂ ಸಿಗುತ್ತದೆ. ಕೆಂಡದ ಮೇಲಿಟ್ಟು ತಿರುಗಿಸುವುದು ಅಷ್ಟೇ. ಸದ್ದು ಕೇಳಿಸುತ್ತದೆ, ಹೊಗೆ ಕಾಣುತ್ತದೆ, ಕರೆಂಟ್ ಬೇಡ. ಮೊದಲ ಸಲ ಮಾಡುವವರು ಪೀಬೆರಿಯಿಂದ ಶುರು ಮಾಡಿ, ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆದ ಬೀಜ. ಕಾಳು ದುಂಡಗಿರುವುದರಿಂದ ತಾನೇ ಉರುಳುತ್ತದೆ, ಸಲೀಸು.

ದೊಡ್ಡ ದೊಡ್ಡ ರೋಸ್ಟಿಂಗ್ ಘಟಕ ನೋಡಿದ್ದೀರಾ? ಆ ಡ್ರಮ್‌ಗೂ ಒಂದು ಗಾಜಿನ ಕಿಟಕಿ ಇರುತ್ತದೆ. ಬೀಜ ಹೊರಗೆಳೆದು ನೋಡುವುದಕ್ಕೆ ಒಂದು ಸೌಟಿನಂಥದ್ದು ಇರುತ್ತದೆ. ಹುರಿಯುವವರು ಗಳಿಗೆಗೊಮ್ಮೆ ಅದನ್ನು ಎಳೆದು ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಕಿವಿಗೊಡುತ್ತಾರೆ. ಅದೇ ಕಸುಬು ಮಾಡುವವರೇ ಮರೆಯುವುದಿಲ್ಲ, ನಾವು ಬಟನ್ ಒತ್ತಿ ಮರೆಯಬೇಕಂತೆ.

ನಮ್ಮಜ್ಜಿ ಒಲೆ ಮುಂದೆ ಕೂತು ಹುರಿಯುವಾಗ ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ. "ಸುಮ್ನಿರಿ, ಬೀಜ ಕೇಳಿಸ್ಕೋಬೇಕು" ಅನ್ನುತ್ತಿದ್ದರು. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಬಾಣಲೆ ಇಳಿಸಿ, ಪೂರ್ತಿ ಮೊರಕ್ಕೆ ಸುರಿದು, ಜಗಲಿಗೆ ತಂದು ಕೇರುತ್ತಿದ್ದರು. ತೆಳು ಸಿಪ್ಪೆ ಗಾಳಿಗೆ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಹೊಟ್ಟೂ ಹೋಯಿತು, ಬೀಜವೂ ತಣ್ಣಗಾಯಿತು. ಎರಡೇ ನಿಮಿಷ. ಒಲೆಯಿಂದ ಇಳಿಸಿದ ಮೇಲೂ ಬೀಜ ತನ್ನ ಕಾವಿಗೆ ತಾನೇ ಹುರಿಯುತ್ತಿರುತ್ತದೆ, ಅದಕ್ಕೇ ಆ ಅವಸರ. ನನ್ನ ಮಷಿನ್ ಅದೇ ಕಾದ ಗೂಡಿನೊಳಗೇ ತಣಿಸುತ್ತಿತ್ತು. ಆಮೇಲೆ ಪ್ರತಿ ಸಲ ಸಿಪ್ಪೆ ಡಬ್ಬಿ ಬಿಚ್ಚಿ ತೊಳೆಯಬೇಕು. ಅಜ್ಜಿಯ ಮೊರದ ಮುಂದೆ ಅದು ಏನೇನೂ ಅಲ್ಲ.

ಫ್ಲಾಟ್‌ನಲ್ಲಿದ್ದೇವೆ, ಹೊಗೆ ಆಗುತ್ತದೆ ಅನ್ನುವವರಿಗೆ: ಮಷಿನ್‌ನಲ್ಲೂ ಹೊಗೆ ಬರುತ್ತದೆ. ಕಿಟಕಿ ತೆಗೆಯಿರಿ. ಅದೂ ಆಗದಿದ್ದರೆ ಕಣ್ಣ ಮುಂದೆ ಪುಡಿ ಮಾಡಿಕೊಡುವ ಅಂಗಡಿಗೆ ಹೋಗಿ, ಯಾವತ್ತು ಹುರಿದಿದ್ದು ಅಂತ ಕೇಳಿ, ವಾರಕ್ಕಾಗುವಷ್ಟೇ ತನ್ನಿ. ಮಷಿನ್‌ಗೆ ಹಾಕುವ ದುಡ್ಡಿಗೆ ಎಷ್ಟು ವರ್ಷದ ಕಾಫಿ ಪುಡಿ ಬರುತ್ತದೆ, ಲೆಕ್ಕ ಹಾಕಿ.

ಹೊಸಬರು ಸಬ್‌ಸ್ಕ್ರೈಬ್ ಮಾಡಿ. ಬಾಣಲೆ ಪಳಗಿಸುವ ವಿಡಿಯೊ ಲಿಂಕ್ ಕೆಳಗಿದೆ. ಭಾನುವಾರ ಬೆಳಿಗ್ಗೆ ಲೈವ್‌ನಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಹಣ್ಣಿನ ಸಮೇತ ಒಣಗಿಸಿ ಸಿಪ್ಪೆ ತೆಗೆದ ರೋಬಸ್ಟಾ ಬೀಜ, ಹುರಿಯುತ್ತೇನೆ, ಸಿಪ್ಪೆ ಜಾಸ್ತಿ ಹಾರುತ್ತದೆ, ಮಜಾ ಇರುತ್ತದೆ. ಮತ್ತೆ ಹೇಳುತ್ತೇನೆ, ಬೀಜದ ಸದ್ದು ಕೇಳಿಸದ ಮಷಿನ್ ಬೇಡ. ಬೇಡ ಅಂದರೆ ಬೇಡ. ನೀವು ಒಂದು ಸಲ...

ಇರಿ ಇರಿ. ಮೈಕ್ ಹತ್ತಿರ ತರುತ್ತೇನೆ.

ಚಟ್. ಕೇಳಿತಾ? ಇನ್ನೊಂದು. ಬಂತು ನೋಡಿ. ಮೊರ ಎಲ್ಲಿಟ್ಟೆ? ಬರುತ್ತೇನೆ, ನಮಸ್ಕಾರ.