ನಾಲಿಗೆಗೆ ರುಚಿ ಹತ್ತುವವರೆಗೆ

ಈಗ ನಿಮಗೆ ಕಾಣುತ್ತಿರುವ ಈ ಬಟ್ಟಲು ನನ್ನದೇ. ಒಳಗೆ ನೂಡಲ್ಸ್, ಮೇಲೆ ಕರಗುತ್ತಿರುವ ಚೀಸ್, ಪಕ್ಕದಲ್ಲಿ ಬೆಣ್ಣೆ ಸವರಿದ ಬ್ರೆಡ್. ಸಮಯ ರಾತ್ರಿ ಹತ್ತೂವರೆ. ಇಡೀ ದಿನ ಕೆಲಸ, ತಲೆಯಲ್ಲಿ ಇನ್ನೂ ಅದೇ ಗದ್ದಲ, ಮನೆಯಲ್ಲಿ ಅಡುಗೆಮನೆಯ ಒಂದು ದೀಪ ಮಾತ್ರ ಉರಿಯುತ್ತಿದೆ. ಮೊದಲ ತುತ್ತು ಬಾಯಿಗಿಟ್ಟಾಗ ನನ್ನ ಭುಜ ತಾನಾಗೇ ಇಳಿಯಿತು, ನೋಡಿದಿರಾ? ಈ ಕ್ಲಿಪ್ ಎರಡು ವರ್ಷ ಹಳೆಯದು. ಅಳಿಸಿ ಹಾಕಲು ಮನಸ್ಸು ಬಂದಿಲ್ಲ. ಆ ರಾತ್ರಿ ಆ ಬಟ್ಟಲು ನನಗೆ ನಿಜವಾಗಿಯೂ ಬೇಕಿತ್ತು.

ಅದಕ್ಕೇ ಈ ವಿಡಿಯೊದಲ್ಲಿ ನಾನು ಯಾವ ತಿಂಡಿಯನ್ನೂ ಬೈಯುವುದಿಲ್ಲ. ಕರಿದದ್ದು, ಸಿಹಿ, ಮೆತ್ತಗೆ ಬಿಸಿಬಿಸಿ ಇರುವುದು, ಇವೆಲ್ಲ ನನಗೆ ಇವತ್ತಿಗೂ ಇಷ್ಟ. ಆದರೆ ತರಕಾರಿ, ಸೊಪ್ಪು, ಕಾಳುಗಳನ್ನು ಔಷಧಿ ನುಂಗುವ ಹಾಗೆ ನುಂಗುತ್ತಿದ್ದವಳು ಈಗ ನಾನೇ ಬೇಕು ಅಂತ ಇನ್ನೊಂದು ಸಲ ಬಡಿಸಿಕೊಳ್ಳುತ್ತೇನೆ. ಇದು ಹಟ ಮಾಡಿ ಬಂದದ್ದಲ್ಲ. ಹಟ ಮಾಡುವುದನ್ನು ಬಿಟ್ಟ ಮೇಲೆ ಬಂದದ್ದು.

ಹಟ ಮಾಡಿದ ಕತೆ ಮೊದಲು ಹೇಳಿಬಿಡುತ್ತೇನೆ. ಒಂದು ಸೋಮವಾರ ಮನೆಯಲ್ಲಿದ್ದ ಚಿಪ್ಸ್, ಬಿಸ್ಕತ್ತು, ಚಾಕೊಲೇಟ್ ಎಲ್ಲವನ್ನೂ ಕೊಟ್ಟುಬಿಟ್ಟೆ. ಅವತ್ತಿನಿಂದ ನೀರಲ್ಲಿ ಬೇಯಿಸಿದ ಬ್ರೊಕೊಲಿ, ಹಸಿ ಸೊಪ್ಪು, ಎಣ್ಣೆ ಇಲ್ಲ, ಉಪ್ಪು ಇಲ್ಲ. ರುಚಿ ಇಲ್ಲದಿದ್ದಷ್ಟೂ ಆರೋಗ್ಯಕ್ಕೆ ಒಳ್ಳೆಯದು ಅಂತ ಅದು ಹೇಗೋ ತಲೆಯಲ್ಲಿ ಕೂತಿತ್ತು. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಅಂಗಡಿಯಿಂದ ದೊಡ್ಡ ಪೊಟ್ಟಣ ಚಿಪ್ಸ್ ತಂದು, ಚಪ್ಪಲಿಯನ್ನೂ ಬಿಚ್ಚದೆ, ಬಾಗಿಲ ಹತ್ತಿರವೇ ನಿಂತು ಪೂರ್ತಿ ತಿಂದೆ. ಹೇಗೂ ಕೆಟ್ಟಿತಲ್ಲ, ಇನ್ನೇನು ಅಂತ ಮುಂದಿನ ಮೂರು ವಾರವೂ ಹಾಗೇ ಹೋಯಿತು. ನಿಮಗೂ ಹೀಗೆ ಆಗಿರಬಹುದು, ಅಲ್ವಾ? ಡಯಟ್ ಮಾಡುವವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಒಂದು ತುತ್ತು ತಪ್ಪಿದರೆ ಇಡೀ ದಿನವನ್ನೇ ಕೈಬಿಡುವುದು.

ಆಮೇಲೆ ನಾನು ಓದಲು ಕೂತೆ. ನನಗೆ ಗೊತ್ತಾಗಬೇಕಿದ್ದದ್ದು ಒಂದೇ. ರುಚಿ ಅನ್ನುವುದು ಹುಟ್ಟಿನಿಂದ ಬರುವುದಾ, ಕಲಿಯುವುದಾ?

ಸ್ವಲ್ಪ ಹುಟ್ಟಿನಿಂದಲೇ ಬರುತ್ತದೆ. ಮಗುವಿಗೆ ಸಿಹಿ ಇಷ್ಟ, ಕಹಿ ಬೇಡ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಹಿಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಥರ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ತೆಗೆಯುವಾಗ ಅದು ಗಾಳಿಗೆ ಹಾರಿತಂತೆ. ಪಕ್ಕದಲ್ಲಿದ್ದವರು ಬಾಯೆಲ್ಲ ಕಹಿ ಅಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಈ ವ್ಯತ್ಯಾಸಕ್ಕೆ ಟಿಎಎಸ್2ಆರ್38 ಅನ್ನುವ ಜೀನ್ ಮುಖ್ಯ ಕಾರಣ ಅಂತ ಈಗ ಗೊತ್ತಾಗಿದೆ. ಎಲೆಕೋಸು, ಬ್ರೊಕೊಲಿ ಜಾತಿಯ ತರಕಾರಿಗಳಲ್ಲೂ ಇದೇ ಬಗೆಯ ಕಹಿ ಅಂಶ ಇದೆ. ಅಂದರೆ ಒಂದೇ ತಟ್ಟೆಯ ಬ್ರೊಕೊಲಿ ನಿಮಗೆ ಕಹಿ, ಪಕ್ಕದವರಿಗೆ ಸಪ್ಪೆ ಆಗಿರಬಹುದು. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ. ನೀನು ಸುಮ್ನೆ ನಖರಾ ಮಾಡುತ್ತೀಯಾ ಅಂತ ಚಿಕ್ಕಂದಿನಿಂದ ಕೇಳಿ ಕೇಳಿ, ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದೆ.

ಆದರೆ ಹೆಚ್ಚಿನ ಪಾಲು ಕಲಿತದ್ದೇ. ಸಂಶೋಧಕಿ ಜೂಲಿ ಮೆನೆಲ್ಲಾ ಅವರ ತಂಡ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರುಚಿಯ ಆಹಾರ ಕೊಟ್ಟಾಗ ಮುಖ ಸಿಂಡರಿಸಿದ್ದು ಕಡಿಮೆ. ಕಣ್ಣು ಬಿಡುವ ಮೊದಲೇ ರುಚಿಯ ಪರಿಚಯ ಶುರುವಾಗುತ್ತದೆ. ಹಾಗಾದರೆ ನನಗೆ ಚೀಸ್ ನೂಡಲ್ಸ್ ಅಂದರೆ ಅಷ್ಟು ಜೀವ ಯಾಕೆ? ಜ್ವರ ಬಂದಾಗ ಯಾರೋ ಮೆತ್ತಗೆ ಬಿಸಿಯಾಗಿ ಏನೋ ಮಾಡಿಕೊಟ್ಟರು, ಪರೀಕ್ಷೆ ಮುಗಿದ ದಿನ ಯಾರೋ ಕರಿದದ್ದು ಕೊಡಿಸಿದರು. ನಾಲಿಗೆ ರುಚಿಯ ಜೊತೆ ಆ ಪ್ರೀತಿಯನ್ನೂ ನೆನಪಿಟ್ಟುಕೊಂಡಿತು. ಪಾಪದ ಬ್ರೊಕೊಲಿ ಮಾತ್ರ ಯಾವಾಗಲೂ ಬೈಗುಳದ ಜೊತೆಗೇ ತಟ್ಟೆಗೆ ಬಂದಿತ್ತು.

ಕಲಿತದ್ದು ಅಂದ ಮೇಲೆ ಇನ್ನೊಂದನ್ನೂ ಕಲಿಯಬಹುದಲ್ಲ. ನಾನು ಅಲ್ಲಿಂದ ಹಿಡಿದುಕೊಂಡೆ.

ಈಗ ಸ್ಕ್ರೀನ್ ಮೇಲೆ ನನ್ನ ಡೈರಿಯ ಒಂದು ಪುಟ ಇದೆ. ನನಗೆ ತುಂಬಾ ಇಷ್ಟವಾದ ತಿಂಡಿಗಳಲ್ಲಿ ಇಷ್ಟ ಆಗುವುದು ನಿಜವಾಗಿ ಯಾವುದು ಅಂತ ಬರೆದುಕೊಂಡಿದ್ದೆ. ಚಿಪ್ಸ್ ಅಂದರೆ ಕರುಂ ಕುರುಂ ಅನ್ನುವುದು ಮತ್ತು ಉಪ್ಪು. ನೂಡಲ್ಸ್ ಅಂದರೆ ಬಿಸಿ, ಮೆತ್ತಗೆ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು. ಪಿಜ್ಜಾ ಅಂದರೆ ಅಂಚು ಕೆಂಪಗೆ ಸುಟ್ಟಿರುವ ಜಾಗ. ಬರೆದು ಮುಗಿಸಿ ನೋಡಿದರೆ, ಇದರಲ್ಲಿ ಒಂದೂ ತರಕಾರಿಗೆ ಆಗದೇ ಇರುವಂಥದ್ದಲ್ಲ! ನಾನೇ ತರಕಾರಿಯನ್ನು ನೀರಲ್ಲಿ ಕುದಿಸಿ ಕುದಿಸಿ ಅದರ ಜೀವ ತೆಗೆಯುತ್ತಿದ್ದೆ.

ಈ ಹೂಕೋಸು ನೋಡಿ. ನನ್ನ ಮನಸ್ಸು ತಿರುಗಿಸಿದ್ದು ಇದೇ. ಸಣ್ಣ ಹೂವುಗಳಾಗಿ ಬಿಡಿಸಿ, ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಕೆಂಪಗಾಗುವುದಿಲ್ಲ, ಇದು ನನಗೆ ತಡವಾಗಿ ಗೊತ್ತಾಯಿತು. ಎರಡು ಚಮಚ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ. ಓವನ್ 220 ಡಿಗ್ರಿ ಸೆಲ್ಸಿಯಸ್. ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲಿ ಬೆಂದ ಹಾಗೆ ಮೆತ್ತಗಾಗಿಬಿಡುತ್ತದೆ, ಆಮೇಲೆ ಮತ್ತೆ ಅದೇ ಸಪ್ಪೆ ಹೂಕೋಸು. ಇಪ್ಪತ್ತೈದು ನಿಮಿಷ, ನಡುವೆ ಒಮ್ಮೆ ತಿರುವಿ. ಓವನ್ ಇಲ್ಲವಾ? ದಪ್ಪ ತಳದ ಬಾಣಲೆಯಲ್ಲಿ ದೊಡ್ಡ ಉರಿ ಇಟ್ಟು, ಸ್ವಲ್ಪ ಸ್ವಲ್ಪವೇ ಹಾಕಿ, ಪದೇ ಪದೇ ಕೈಯಾಡಿಸದೆ ಬಿಡಿ. ಬ್ರೆಡ್ಡಿನ ಸಿಪ್ಪೆ, ಹುರಿದ ಕಾಫಿ ಬೀಜ, ಪಿಜ್ಜಾದ ಆ ಕೆಂಪು ಅಂಚು, ಎಲ್ಲದರ ಘಮದ ಹಿಂದೆ ಇರುವುದು ಮೆಯಾರ್ ಕ್ರಿಯೆ. ಲೂಯಿ ಕಮೀಯ್ ಮೆಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು. ಬಿಸಿ ಏರಿದಾಗ ಸಕ್ಕರೆ ಅಂಶವೂ ಪ್ರೋಟೀನಿನ ಅಮೈನೋ ಆಮ್ಲವೂ ಸೇರಿ ಈ ಬಣ್ಣ, ಘಮ ಕೊಡುತ್ತವೆ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ, ಅದಕ್ಕೇ ಬೇಯಿಸಿದ ಹೂಕೋಸಿಗೆ ಈ ರುಚಿ ಬರುವುದೇ ಇಲ್ಲ. ಮೊದಲ ಸಲ ಮಾಡಿದ ದಿನ ಒಲೆಯ ಹತ್ತಿರವೇ ನಿಂತು ಅರ್ಧ ತಟ್ಟೆ ಖಾಲಿ ಮಾಡಿದೆ. ಚಿಪ್ಸ್ ತಿಂದ ಹಾಗೆಯೇ ನಿಂತುಕೊಂಡು. ಅವತ್ತು ಮಾತ್ರ ಆಮೇಲೆ ಬೇಜಾರಾಗಲಿಲ್ಲ.

ಉಪ್ಪಿನ ವಿಷಯ. ಉಪ್ಪು ಬಿಟ್ಟು ತರಕಾರಿ ತಿನ್ನಲು ಶುರು ಮಾಡಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಬ್ರೆಸ್ಲಿನ್ ಮತ್ತು ಬೋಷಾಂ ಎಂಬ ಸಂಶೋಧಕರು 1997ರಲ್ಲಿ ಇದನ್ನು ತೋರಿಸಿದರು. ಒಂದು ಚಿಟಿಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಪೊಟ್ಟಣದ ತಿಂಡಿ ಕಡಿಮೆಯಾದರೆ ನಿಮ್ಮ ತರಕಾರಿಗೆ ಹಾಕಿಕೊಳ್ಳಲು ಅದರಲ್ಲೇ ಜಾಗ ಸಿಗುತ್ತದೆ. ವೈದ್ಯರು ಉಪ್ಪು ಕಡಿಮೆ ಮಾಡಿ ಅಂದಿದ್ದರೆ ಅವರ ಮಾತೇ ಕೇಳಿ, ಆಗ ನಿಂಬೆರಸ, ಬೆಳ್ಳುಳ್ಳಿ, ಮೆಣಸು ಕೈಹಿಡಿಯುತ್ತವೆ. ಇನ್ನೊಂದು ಸಂತೋಷದ ಸಂಗತಿ, ಉಪ್ಪನ್ನು ನಿಧಾನವಾಗಿ ಇಳಿಸಿದರೆ ನಾಲಿಗೆಯೂ ಹೊಂದಿಕೊಳ್ಳುತ್ತದೆ. 1982ರ ಒಂದು ಅಧ್ಯಯನದಲ್ಲಿ ಐದು ತಿಂಗಳು ಕಡಿಮೆ ಉಪ್ಪು ತಿಂದವರಿಗೆ ಕಡಿಮೆ ಉಪ್ಪಿನ ಆಹಾರವೇ ಹೆಚ್ಚು ರುಚಿ ಅನ್ನಿಸಲು ಶುರುವಾಗಿತ್ತು. ನನಗೂ ಹಾಗೇ ಆಯಿತು. ಮೊನ್ನೆ ನನ್ನ ಹಳೆಯ ಬ್ರ್ಯಾಂಡಿನ ಚಿಪ್ಸ್ ತಿಂದಾಗ ಎಲ್ಲಕ್ಕಿಂತ ಮೊದಲು ಗೊತ್ತಾದದ್ದು ಉಪ್ಪು.

ಇನ್ನು ಎಣಿಕೆ. ಮಕ್ಕಳಿಗೆ ಹೊಸ ತರಕಾರಿ ಇಷ್ಟವಾಗಬೇಕಾದರೆ ಎಂಟರಿಂದ ಹದಿನೈದು ಸಲವಾದರೂ ಸ್ವಲ್ಪ ಸ್ವಲ್ಪ ರುಚಿ ನೋಡಿಸಬೇಕಾಗಬಹುದು. ನಾವು ಎಷ್ಟು ಸಲ ನೋಡಿ ಬಿಟ್ಟುಬಿಡುತ್ತೇವೆ? ಒಂದು, ಜಾಸ್ತಿ ಅಂದರೆ ಎರಡು. ನಾನು ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದೆ, ಪಾಲಕ್ ಅಂತ ಬರೆದು ಪಕ್ಕದಲ್ಲಿ ಗೆರೆ ಎಳೆಯುತ್ತಾ ಹೋದೆ. ಪ್ರತಿ ಸಲ ಎರಡು ಮೂರು ಚಮಚ ಅಷ್ಟೇ, ಅದೂ ಇಷ್ಟವಾದ ಒಂದರ ಜೊತೆ. ಚೀಸ್ ನೂಡಲ್ಸ್ ಒಳಗೆ ಒಂದು ಹಿಡಿ ಹಾಕಿದೆ, ಮೊಟ್ಟೆಯ ಜೊತೆ ಹಾಕಿದೆ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಿ ಅದಕ್ಕೆ ಹಾಕಿ ಬಾಡಿಸಿದೆ. ನಾಲ್ಕನೇ ಗೆರೆಯವರೆಗೆ ಬೇಡವೇ ಬೇಡ. ಏಳನೇ ಗೆರೆಗೆ ಪರವಾಗಿಲ್ಲ. ಹನ್ನೊಂದನೇ ಸಲ ಪಾಲಕ್ ಹಾಕುವುದು ಮರೆತಿದ್ದೆ, ನೂಡಲ್ಸ್ ಬಾಯಿಗಿಟ್ಟಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ, ಇಲ್ಲಿದೆ ನೋಡಿ.

ಹೊಟ್ಟೆ ತುಂಬುವ ಬಗ್ಗೆ ಒಂದು ಮಾತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಬಹುದು. ಮೊದಲ ಬಗೆಯ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು. ನನಗೆ ಮನಸ್ಸಿಗೆ ತಾಗಿದ್ದು ಇನ್ನೊಂದು ವಿಷಯ. ಎರಡೂ ಊಟ ಎಷ್ಟು ರುಚಿಯಾಗಿದೆ ಅಂತ ಕೇಳಿದಾಗ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಸಂಸ್ಕರಿಸದ ಊಟವೂ ಅವರಿಗೆ ಅಷ್ಟೇ ರುಚಿಸಿತ್ತು! ಆಲೂಗಡ್ಡೆಯನ್ನೂ ಸುಮ್ನೆ ದೂರ ಇಡಬೇಡಿ. 1995ರಲ್ಲಿ ಸುಸಾನಾ ಹೋಲ್ಟ್ ಎಂಬ ಸಂಶೋಧಕಿ 38 ಆಹಾರಗಳನ್ನು ಹೋಲಿಸಿದಾಗ, ಅಷ್ಟೇ ಕ್ಯಾಲೊರಿಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ತುಂಬಿಸಿದ್ದು ಬೇಯಿಸಿದ ಆಲೂಗಡ್ಡೆ, ಬಿಳಿ ಬ್ರೆಡ್ಡಿನ ಮೂರು ಪಟ್ಟಿಗಿಂತ ಜಾಸ್ತಿ. ಸುಸ್ತಾದ ರಾತ್ರಿಗೆ ನನ್ನ ಈಗಿನ ಊಟ ಅದೇ. ಬೇಯಿಸಿದ ಆಲೂಗಡ್ಡೆ ಹಿಸುಕಿ, ಸ್ವಲ್ಪ ಬೆಣ್ಣೆ, ಮೇಲೆ ಬಿಸಿ ಕಾಳು. ಅದೂ ಮೆತ್ತಗೆ, ಅದೂ ಬಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬಹುದು.

ಕಾಳನ್ನು ಒಂದೇ ಸಲ ಜಾಸ್ತಿ ತಿನ್ನಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ದಿನಕ್ಕೆ ಎರಡು ಚಮಚದಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ, ಕೆಲವು ವಾರದಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ, 25 ಗ್ರಾಂ ನಾರು ಅನ್ನುವ ಗುರಿ ಇದ್ದೇ ಇದೆ. ಮೊದಲ ತಿಂಗಳು ನಾನು ಅದನ್ನು ನೋಡಲೇ ಇಲ್ಲ, ನೋಡಿದ್ದರೆ ಮತ್ತೆ ಹೆದರಿ ಬಿಟ್ಟುಬಿಡುತ್ತಿದ್ದೆ. ಊಟದ ವಿಷಯ ನಿಮಗೆ ಹಗಲೂ ರಾತ್ರಿ ಚಿಂತೆಯಾಗಿ ಕಾಡುತ್ತಿದ್ದರೆ, ತಿಂದದ್ದಕ್ಕೆ ನಿಮ್ಮನ್ನೇ ಶಿಕ್ಷಿಸಿಕೊಳ್ಳುತ್ತಿದ್ದರೆ, ದಯವಿಟ್ಟು ನನ್ನ ವಿಡಿಯೊ ನಿಲ್ಲಿಸಿ ಒಬ್ಬ ವೈದ್ಯರ ಹತ್ತಿರ ಮಾತಾಡಿ.

ತಪ್ಪಿದ ದಿನಗಳು ಈಗಲೂ ಇವೆ. ಹೋದ ತಿಂಗಳು ಒಂದು ವಾರ ಪೂರ್ತಿ ಬ್ರೆಡ್, ಚೀಸ್, ಬಿಸ್ಕತ್ತು. ಮೊದಲಾದರೆ ಅಲ್ಲಿಗೆ ಮುಗಿಯುತ್ತಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರ ಹೊಸ ಅಭ್ಯಾಸಗಳನ್ನು ಗಮನಿಸಿದ್ದರು. ಒಂದು ಅಭ್ಯಾಸ ತಾನಾಗೇ ನಡೆಯುವಂತಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕು, ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಏನೂ ಆಗಿರಲಿಲ್ಲ. ನನ್ನದು ಒಂದು ವಾರ ತಪ್ಪಿತು, ಆದರೂ ಎಂಟನೇ ದಿನ ಕೈ ತಾನಾಗೇ ಹೂಕೋಸಿನ ಕಡೆ ಹೋಯಿತು. ಆ ವಾರ ನನಗೆ ಬೇಕಿದ್ದದ್ದು ನಿದ್ದೆ ಅಂತಲೂ ಈಗ ಅರ್ಥವಾಗುತ್ತದೆ.

ಇವತ್ತಿನ ಊಟ ಇದು. ಬಟ್ಟಲು ಅದೇ. ನೂಡಲ್ಸ್ ಮೊದಲಿನ ಅರ್ಧ, ಉಳಿದ ಜಾಗದಲ್ಲಿ ಪಾಲಕ್, ಹೂಕೋಸು, ಬೇಯಿಸಿದ ಕಾಳು. ಮೇಲೆ ಚೀಸ್ ಇದೆ, ಇರಲೇಬೇಕು. ಪಕ್ಕದ ಸಣ್ಣ ತಟ್ಟೆಯಲ್ಲಿ ಬೀಟ್‌ರೂಟ್. ಅದರ ಮಣ್ಣಿನ ವಾಸನೆ ನನಗೆ ಇನ್ನೂ ಆಗಿಬರುತ್ತಿಲ್ಲ. ಆ ವಾಸನೆಗೆ ಕಾರಣ ಜಿಯೋಸ್ಮಿನ್, ಮಳೆ ಬಿದ್ದಾಗ ಮಣ್ಣಿಂದ ಏಳುವ ಘಮದಲ್ಲೂ ಇರುವಂಥದ್ದು. ಮಳೆಯಲ್ಲಿ ಅಷ್ಟು ಇಷ್ಟವಾಗುವುದು ತಟ್ಟೆಯಲ್ಲಿ ಯಾಕೆ ಬೇಡವೋ ಏನೋ. ಹುಳಿ ಹಾಕಿದರೆ ಅದು ಕಡಿಮೆಯಾಗುತ್ತದೆ, ಅದಕ್ಕೆ ಇವತ್ತು ನಿಂಬೆ ಜಾಸ್ತಿ ಹಿಂಡಿದ್ದೇನೆ. ಫ್ರಿಜ್ಜಿನ ಮೇಲೆ ಹೊಸ ಚೀಟಿ ಇದೆ, ಆರು ಗೆರೆ ಬಿದ್ದಿವೆ. ತಡೆಯಿರಿ, ಒಂದು ತುಂಡು ತಿಂದು ಏಳನೇ ಗೆರೆ ಎಳೆದು ಬರುತ್ತೇನೆ.