ವಾರಂಟಿ ಕೆಲಸದ ಕೂಲಿ ಯಾರ ಕಿಸೆಯಿಂದ?

ಕೇಳುಗರಿಗೆ ನಮಸ್ಕಾರ.

ಡಿಸೆಂಬರಿನಲ್ಲಿ ಪುಣೆಯ ಮೋಶಿಯಲ್ಲಿ ಕಿಸಾನ್ ಮೇಳ ನಡೆಯುತ್ತದೆ. ಅಲ್ಲಿ ಟ್ರ್ಯಾಕ್ಟರ್ ಮುಂದೆ ನಿಂತ ನಮ್ಮ ವಿಜಯಪುರ, ಬೆಳಗಾವಿ ಕಡೆಯ ರೈತರು ಬೆಲೆ ಕೇಳುತ್ತಾರೆ, ವಾರಂಟಿ ಎಷ್ಟು ವರ್ಷ ಅಂತ ಕೇಳುತ್ತಾರೆ. ಪುಕ್ಕಟೆ ರಿಪೇರಿ ಮಾಡುವ ಮಿಸ್ತ್ರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಹಿಂದೆ ಊರ ಕಮ್ಮಾರನಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ ಅಳೆದು ಕೊಡುತ್ತಿದ್ದರು. ಕುಳ ಹರಿತ ಮಾಡಲು ಅರ್ಧ ತಾಸು ಹಿಡಿಯಲಿ, ಒಂದು ದಿನ ಹಿಡಿಯಲಿ, ಅವನ ಕಾಳು ಅವನಿಗೆ. ಈಗಿನ ಲೆಕ್ಕ ತಾಸಿನದು. ರಿಪೇರಿ ಮಾಡಿಸಿದ ಡೀಲರ್ ಕಂಪನಿಗೆ ಕ್ಲೇಮ್ ಹಾಕುತ್ತಾನೆ, ಅಂದರೆ ಅದರ ದುಡ್ಡು ಕೇಳುತ್ತಾನೆ. ಯಾವ ಕೆಲಸಕ್ಕೆ ಎಷ್ಟು ತಾಸು ಎಂಬ ಪಟ್ಟಿ ಕಂಪನಿಯ ಬಳಿ ಮೊದಲೇ ಇರುತ್ತದೆ. ಕ್ಲಚ್‌ಗೆ ಆರು ತಾಸು ಅಂತಿದೆ ಅಂದುಕೊಳ್ಳಿ. ಬೋಲ್ಟ್ ತುಕ್ಕು ಹಿಡಿದು ಕೆಲಸ ಒಂಬತ್ತು ತಾಸಿಗೆ ಹೋದರೂ ಡೀಲರ್‌ಗೆ ಸಿಗುವುದು ಆರು ತಾಸಿನ ಲೇಬರ್.

ಉಳಿದ ಮೂರು ತಾಸು? ಅಮೆರಿಕದಲ್ಲಿ ಮೆಕ್ಯಾನಿಕ್‌ಗೂ ಪಟ್ಟಿಯ ತಾಸಿನಂತೆಯೇ ಕೂಲಿ ಕೊಡುವ ಡೀಲರ್‌ಗಳಿದ್ದಾರೆ. ಅಲ್ಲಿ ಆ ಹೊತ್ತು ಅವನ ತಲೆಯ ಮೇಲೆ. ನಮ್ಮಲ್ಲಿ ಹೆಚ್ಚಾಗಿ ತಿಂಗಳ ಪಗಾರ, ಮೇಲೆ ಒಂದಿಷ್ಟು ಇನ್ಸೆಂಟಿವ್. ಪಗಾರಕ್ಕೆ ಧಕ್ಕೆಯಿಲ್ಲ, ಇನ್ಸೆಂಟಿವ್ ಮಾತ್ರ ಸೊರಗುತ್ತದೆ.

ಅದಕ್ಕಿಂತ ದೊಡ್ಡ ತಂಟೆ ದೋಷ ಹುಡುಕುವುದರಲ್ಲಿದೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು. ಅದರ ಹಿಂದೆ ಸೆನ್ಸರ್, ವೈರಿಂಗ್, ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯು ಎಲ್ಲ ಬಂದವು. ಹೊಲದಲ್ಲಿ ಉಸಿರು ನಿಲ್ಲಿಸುವ ಗಾಡಿ ಶೆಡ್ಡಿಗೆ ತಂದರೆ ಗುಂಡುಕಲ್ಲಿನ ಹಾಗೆ ಗಟ್ಟಿ! ಅರ್ಧ ದಿನ ವೈರ್ ಜಗ್ಗಿ ಜಗ್ಗಿ ನೋಡಿದ ಮೇಲೆ ಒಂದು ಸಡಿಲ ಕನೆಕ್ಟರ್ ಸಿಗುತ್ತದೆ. ಒತ್ತಿ ಕೂರಿಸಲು ಎರಡು ನಿಮಿಷ. ಕ್ಲೇಮ್‌ನಲ್ಲಿ ಏನೆಂದು ಬರೆಯುವುದು? ಪಾರ್ಟ್ ಬದಲಿಸಿಯೇ ಇಲ್ಲವಲ್ಲ. ಅದರ ಬದಲು ಸೆನ್ಸರ್ ಕಿತ್ತು ಹೊಸದು ಹಾಕಿದರೆ ಪಾರ್ಟ್ ನಂಬರ್, ತಾಸು, ತೋರಿಸಲು ಹಳೆಯ ಪಾರ್ಟ್, ಎಲ್ಲ ಸರಿಹೊಂದುತ್ತದೆ. ಬುದ್ಧಿ ಖರ್ಚು ಮಾಡಿದವನಿಗಿಂತ ಪಾರ್ಟ್ ಖರ್ಚು ಮಾಡಿದವನಿಗೆ ಹೆಚ್ಚು ಕೊಡುವ ಈ ಲೆಕ್ಕ ನನಗೆ ಹಿಡಿಸುವುದಿಲ್ಲ. ಕಂಪನಿಗೂ ಇದರಿಂದ ಲಾಭವಿಲ್ಲ. ಕೆಡದ ಸೆನ್ಸರ್ ಬದಲಿಸಿದ ಖರ್ಚು ತೆರುವುದು ಅದೇ.

ಇಂದಾಪುರದ ಕಬ್ಬಿನ ಹೊಲದಲ್ಲಿ ಗಾಡಿ ನಿಂತರೆ ಹೋಗಿಬರುವ ಹೊತ್ತಿನದು ಬೇರೆಯೇ ತಕರಾರು.

ದೋಷ ಹುಡುಕಿದ ಹೊತ್ತಿಗೆ ಪ್ರತ್ಯೇಕವಾಗಿ ದುಡ್ಡು ಕೇಳಲು ಕೆಲವು ಕಂಪನಿಗಳು ಅವಕಾಶ ಕೊಡುತ್ತವೆ. ಪುಣೆ ಪಕ್ಕದ ಭೋಸರಿ, ಚಿಂಚವಾಡದಲ್ಲಿ ಸ್ಪ್ಯಾನರ್ ಹಿಡಿದಿರುವ ನಮ್ಮ ಹುಡುಗರಿಗೆ ಹೇಳುವುದಿಷ್ಟೇ: ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ 'ರಿಪೇರಿ ಮಾಡಿದೆ' ಅಂತ ಗೀಚಿ ಬಿಡಬೇಡಿ. ದೂರು ಏನು, ಯಾವ ವೈರ್ ತಪಾಸಿಸಿದಿರಿ, ಮೀಟರ್ ಎಷ್ಟು ತೋರಿಸಿತು, ಕಾರಣ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತು ಹಿಡಿಯಿತು, ಬರೆಯಿರಿ. ರೈತರೇ, ನೀವು ಗಾಡಿ ತರುವಾಗ ಸರ್ವಿಸ್ ಪುಸ್ತಕ ಜೊತೆಗಿರಲಿ. ಎಂಜಿನ್ ಕಾದಾಗ ನಿಲ್ಲುತ್ತದೋ, ಭಾರ ಎಳೆಯುವಾಗಲೋ, ಅದನ್ನೂ ಹೇಳಿ.