ಎರಡನೇ ಹಾರ್ಡ್ ಡಿಸ್ಕ್ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಕಲಬುರಗಿಯ ಡಿಟಿಪಿ ಅಂಗಡಿಯವರೇ, ಬೀದರ್, ಯಾದಗಿರಿಯಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳೇ, ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡ ಮಾಸ್ತರರೇ, ಈ ಮಾತು ನಿಮಗಾಗಿ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ.

ಎರಡನೇ ಹಾರ್ಡ್ ಡಿಸ್ಕ್ ತಂದು ಕೇಬಲ್ ಚುಚ್ಚಿದರೆ ಕೆಲಸ ಮುಗಿಯಲ್ಲ. ವಿಂಡೋಸ್‌ನಲ್ಲಿ ಡಿ ಡ್ರೈವ್, ಇ ಡ್ರೈವ್ ಅಂತ ಕಾಣುತ್ತವೆ. ಲಿನಕ್ಸ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಡಿಸ್ಕನ್ನು ಅದಕ್ಕೆ ಜೋಡಿಸುತ್ತೇವೆ. ಇದೇ ಮೌಂಟ್ ಮಾಡುವುದು. ಯಂತ್ರ ಶುರುವಾದಾಗಲೆಲ್ಲ ಡಿಸ್ಕ್ ತಾನೇ ಜೋಡಣೆಯಾಗಬೇಕಾದರೆ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ತೊಂದರೆ ಹುಟ್ಟುವುದು ಆ ಒಂದು ಸಾಲಿನಲ್ಲೇ.

ಲಿನಕ್ಸ್ ಮೊದಲು ಸಿಕ್ಕ ಡಿಸ್ಕಿಗೆ ಎಸ್‌ಡಿಎ ಅನ್ನುತ್ತದೆ, ಆಮೇಲೆ ಸಿಕ್ಕದ್ದಕ್ಕೆ ಎಸ್‌ಡಿಬಿ. ಇದು ಹೆಸರಲ್ಲ, ಪಾಳಿ. ಎಪಿಎಂಸಿ ಮುಂದೆ ತೊಗರಿ ಗಾಡಿಗಳು ನಿಂತಿರುತ್ತವಲ್ಲ, ಹಾಗೆ. ಸಾಲಿನಲ್ಲಿ ಎರಡನೇ ಗಾಡಿ ಅಂದರೆ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಆದರೆ ಗಾಡಿಯ ಮೇಲಿರೋ ಕೆಎ 32 ನಂಬರು ಬದಲಾಗುತ್ತದಾ? ಇಲ್ಲ. ಡಿಸ್ಕಿನಲ್ಲೂ ಅಂಥ ನಂಬರು ಇದೆ. ಅದರ ಹೆಸರು ಯುಯುಐಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಪಾಳಿ ಬರೆಯಬೇಡಿ, ನಂಬರು ಬರೆಯಿರಿ.

ಕಳೆದ ಬೇಸಿಗೆಯಲ್ಲಿ ಏನಾಯಿತು ಹೇಳುತ್ತೇನೆ. ನನ್ನ ಪರಿಚಯದವರೊಬ್ಬರದು ಲಗ್ನ ಪತ್ರಿಕೆ ಮಾಡುವ ಅಂಗಡಿ. ಹಳೇ ಕಂಪ್ಯೂಟರ್. ಮೊದಲ ಡಿಸ್ಕಿನಲ್ಲಿ ಲಿನಕ್ಸ್, ಎರಡನೆಯದರಲ್ಲಿ ವರ್ಷಗಟ್ಟಲೆ ಮಾಡಿದ ಡಿಸೈನುಗಳು. ಎಫ್‌ಎಸ್‌ಟ್ಯಾಬ್‌ನಲ್ಲಿ ಅವರೇ ಎಸ್‌ಡಿಬಿ1 ಅಂತ ಬರೆದಿದ್ದರು. ಎರಡನೇ ಪಾಳಿಯ ಡಿಸ್ಕಿನ ಮೊದಲ ಪಾರ್ಟಿಷನ್, ಅಂದರೆ ಮೊದಲ ಭಾಗ ಅಂತ ಅರ್ಥ. ನಾನಾಗಲೇ ಹೇಳಿದ್ದೆ, ನಂಬರು ಹಾಕಿ ಅಂತ. ನಡೀತಾ ಇದೆಯಲ್ಲ, ಇರಲಿ ಬಿಡಿ ಅಂದರು.

ನಮ್ಮೂರ ಬೇಸಿಗೆ ಧೂಳು ನಿಮಗೆ ಗೊತ್ತೇ ಇದೆ. ಒಂದು ಭಾನುವಾರ ಡಬ್ಬ ಬಿಚ್ಚಿ, ಧೂಳು ಊದಿ, ಕೇಬಲ್ ತಿರುಗಿ ಹಾಕಿದರು. ಎರಡು ಕೇಬಲ್ ಅದಲು ಬದಲಾದವು. ಸೋಮವಾರ ಬೆಳಗ್ಗೆ ಯಂತ್ರ ಚೆನ್ನಾಗೇ ಶುರುವಾಯಿತು. ಒಂದೂ ದೂರಿಲ್ಲ. ಡಿಸೈನಿನ ಫೋಲ್ಡರ್ ತೆರೆದರೆ ಒಂದು ಪತ್ರಿಕೆಯೂ ಇಲ್ಲ! ಬಿನ್, ಇಟಿಸಿ, ವಾರ್ ಅಂತ ಕಂಡರಿಯದ ಫೋಲ್ಡರುಗಳು.

ಫೋನ್ ಬಂತು. "ಸರ್, ನಮ್ಮ ಫೈಲ್ ಒಂದೂ ಇಲ್ರೀ. ವೈರಸ್ ಹೊಕ್ಕೇತಿ. ಈ ಸುಡುಗಾಡು ಫೋಲ್ಡರ್ ಅಳಸಾಕತ್ತೀನಿ, ಅಳಸಾಕ ಅನುಮತಿ ಇಲ್ಲ ಅಂತದ. ಪಾಸ್‌ವರ್ಡ್ ಹಾಕಿ ಅಳಸ್ಲೇನ್ರೀ?"

ಎದೆ ಧಸಕ್ಕೆಂದಿತು. "ಅಣ್ಣಾ, ಕೈ ತೆಗೀರಿ! ಏನೂ ಮುಟ್ಟಬ್ಯಾಡ್ರಿ!" ಅಂತ ಕೂಗಿದೆ, ಗಾಡಿ ಹತ್ತಿದೆ.

ಆಗಿದ್ದಿಷ್ಟೇ. ಕೇಬಲ್ ಬದಲಾಗಿ ಲಿನಕ್ಸ್ ಇದ್ದ ಡಿಸ್ಕ್ ಎಸ್‌ಡಿಬಿ ಆಗಿತ್ತು. ಅವರ ಸಾಲು ಅದನ್ನೇ ತಂದು ಡಿಸೈನಿನ ಫೋಲ್ಡರಿಗೆ ಜೋಡಿಸಿತ್ತು. ಅವರು ಅಳಿಸಲು ಹೊರಟಿದ್ದು ಲಿನಕ್ಸ್ ಅನ್ನೇ. ಪತ್ರಿಕೆಗಳು ಪಕ್ಕದ ಡಿಸ್ಕಿನಲ್ಲಿ ಹಾಗೇ ಇದ್ದವು. ಎಸ್‌ಡಿಬಿ1 ತೆಗೆದು ಯುಯುಐಡಿ ಬರೆದೆ, ಯಂತ್ರ ಮತ್ತೆ ಶುರು ಮಾಡಿದೆ, ಎಲ್ಲ ಬಂದವು. ಮಧ್ಯಾಹ್ನ ಒಂದು ಮದುವೆ ಪತ್ರಿಕೆ ಮುದ್ರಣಕ್ಕೆ ಹೋಗಬೇಕಿತ್ತು, ಹೋಯಿತು. ಅದಕ್ಕೇ ಮತ್ತೆ ಹೇಳುತ್ತೇನೆ. ಪಾಳಿ ಬೇಡ, ನಂಬರು ಬರೆಯಿರಿ.

ನಂಬರು ನೋಡುವುದು ಹೇಗೆ? ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಬರೆದುಕೊಳ್ಳಿ: ಎಲ್, ಎಸ್, ಬಿ, ಎಲ್, ಕೆ, ಒಂದು ಜಾಗ ಬಿಟ್ಟು ಅಡ್ಡಗೆರೆ, ಅಂದರೆ ಹೈಫನ್, ಅದಕ್ಕೆ ಅಂಟಿ ಎಫ್. ಎಲ್ಲ ಸಣ್ಣ ಅಕ್ಷರ. ಎಂಟರ್ ಒತ್ತಿ. ಪ್ರತಿ ಪಾರ್ಟಿಷನ್ ಮುಂದೆ ಅದರ ಯುಯುಐಡಿ ಕಾಣುತ್ತದೆ. ಲಿನಕ್ಸ್‌ನಲ್ಲೇ ಫಾರ್ಮ್ಯಾಟ್ ಮಾಡಿದ್ದರೆ ಅಡ್ಡಗೆರೆ ಸೇರಿ 36 ಅಕ್ಷರ. ಕೈಯಿಂದ ಟೈಪ್ ಮಾಡಬೇಡಿ, ಕಾಪಿ ಮಾಡಿ ಅಂಟಿಸಿ. ಪಾರ್ಟಿಷನ್ ಮುಂದೆ ಆ ಜಾಗ ಖಾಲಿ ಇದ್ದರೆ ಸಾಮಾನ್ಯವಾಗಿ ಅದು ಇನ್ನೂ ಫಾರ್ಮ್ಯಾಟ್ ಆಗಿಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಸಾಲು ಬರೆದ ಕೂಡಲೇ ಯಂತ್ರ ಆರಿಸಬೇಡಿ. ಟರ್ಮಿನಲ್‌ನಲ್ಲಿ ಸುಡೋ ಮೌಂಟ್ ಅಡ್ಡಗೆರೆ ಎ ಅನ್ನೋ ಆಜ್ಞೆ ಕೊಡಿ. ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಅದೇ ಸಾಲಿನಲ್ಲಿ ಡಿಫಾಲ್ಟ್ಸ್ ಅಂತ ಇರುತ್ತದೆ. ಅದಕ್ಕೆ ಅಲ್ಪವಿರಾಮ ಹಾಕಿ ನೋಫೇಲ್ ಸೇರಿಸಿ. ಆಗ ಡಿಸ್ಕ್ ಸಿಗದಿದ್ದರೂ ಯಂತ್ರ ಕಪ್ಪು ಪರದೆಯಲ್ಲಿ ನಿಲ್ಲದೆ ಶುರುವಾಗುತ್ತದೆ. ಡಿಸ್ಕ್ ಜೋಡಣೆಯಾಗಿದೆ, ಫೈಲ್ ಇಡಲು ಮಾತ್ರ ಬಿಡುತ್ತಿಲ್ಲವಾ? ಮೌಂಟ್ ಆದ ಮೇಲೆ ಆ ಫೋಲ್ಡರನ್ನು ಚೌನ್ ಆಜ್ಞೆಯಿಂದ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ವಿಂಡೋಸ್‌ನಿಂದ ಬಂದ ಡಿಸ್ಕ್ ಓದುತ್ತದೆ, ಬರೆಯಲ್ಲ ಅಂದರೆ, ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಅನ್ನೋ ಸೆಟ್ಟಿಂಗ್ ನಿಲ್ಲಿಸಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಎಫ್‌ಎಸ್‌ಟ್ಯಾಬ್ ತೆರೆದು ನೋಡಿ. ಎಸ್‌ಡಿಬಿ ಅಂತ ಕಂಡರೆ ಇವತ್ತೇ ನಂಬರು ಹಾಕಿಬಿಡಿ. ನಮಸ್ಕಾರ.